ಮಚ್ಚು ಹಿಡಿದ ಕೈ ಯಾರದು?

ನಮ್ಮ ಕೇರಿಯ ಹುಡುಗನೊಬ್ಬ ಹೋದ ವರ್ಷ ಸತ್ತ. ಸತ್ತ ಅಂದರೆ ಕಾಯಿಲೆ ಬಂದು ಸತ್ತದ್ದಲ್ಲ, ಕೊಚ್ಚಿಸಿಕೊಂಡು ಸತ್ತ. ವಯಸ್ಸು ಹತ್ತೊಂಬತ್ತು. ಕೊಂದವನು ಪಕ್ಕದ ಕೇರಿಯವನು, ವಯಸ್ಸು ಇಪ್ಪತ್ತು. ಇಬ್ಬರದೂ ಒಂದೇ ಜಾತಿ. ಇಬ್ಬರ ತಾಯಂದಿರೂ ಈ ಬೆಂಗಳೂರಿನ ಪೌರಕಾರ್ಮಿಕರು. ಬೆಳಗಿನ ಜಾವ ಒಂದೇ ಮಸ್ಟರಿಂಗ್ ಜಾಗದಲ್ಲಿ ಹಾಜರಿ ಹಾಕಿ, ಒಂದೇ ರಸ್ತೆಯ ಎಡಬದಿಯನ್ನು ಒಬ್ಬರು, ಬಲಬದಿಯನ್ನು ಒಬ್ಬರು ಗುಡಿಸುವವರು.

ಪೇಪರಿನಲ್ಲಿ ಎರಡು ಸಾಲು ಬಂತು. 'ಹಳೇ ವೈಷಮ್ಯ' ಅಂತ ಬರೆದರು. ಹತ್ತೊಂಬತ್ತು ವರ್ಷದ ಹುಡುಗನ ವೈಷಮ್ಯ ಎಷ್ಟು ಹಳೆಯದಿದ್ದೀತು ಎಂದು ಯಾರೂ ಕೇಳಲಿಲ್ಲ. ನಮಗೆ ಗೊತ್ತಿದ್ದ ಮಟ್ಟಿಗೆ ಕಾರಣ ಇಷ್ಟೆ: ಗಾಂಜಾ ಪೊಟ್ಟಣ ಮಾರುವ ಒಂದು ಮೂಲೆ ಯಾವ ಅಣ್ಣನ ಕಡೆಯವರದು ಎಂಬ ಜಗಳ. ಆ ಮೂಲೆ ಇಬ್ಬರು ಹುಡುಗರದೂ ಅಲ್ಲ. ಮಾರಿದ ದುಡ್ಡು ಇಬ್ಬರ ಮನೆಗೂ ಹೋಗುತ್ತಿರಲಿಲ್ಲ.

ಹನ್ನೊಂದನೆಯ ದಿನ ಕೇರಿಯ ಅಂಬೇಡ್ಕರ್ ಭವನದಲ್ಲಿ ಸಂತಾಪ ಸಭೆ ಮಾಡಿದೆವು. ಮಾತಾಡಲು ಬರುವವರೆಲ್ಲ ಮಾತಾಡಿದೆವು. ಜಾತಿ ವ್ಯವಸ್ಥೆ ಕೊಂದಿದೆ ಎಂದೆವು, ಬಂಡವಾಳಶಾಹಿ ಕೊಂದಿದೆ ಎಂದೆವು, ನಿರುದ್ಯೋಗ ಕೊಂದಿದೆ ಎಂದೆವು. ಎಲ್ಲ ಮುಗಿದ ಮೇಲೆ ಆ ತಾಯಿ ಗೋಡೆ ಹಿಡಿದುಕೊಂಡು ಎದ್ದು ನಿಂತರು.

"ವ್ಯವಸ್ಥೆ ವ್ಯವಸ್ಥೆ ಅಂತೀರಲ್ಲ, ಅದ್ಯಾರಪ್ಪ ಅದು? ನನ್ ಮಗನ ಕುತ್ತಿಗೆಗೆ ಮಚ್ಚು ಬೀಸ್ದೋನು ಪಕ್ಕದ ಬೀದಿ ಹುಡ್ಗ. ಸಣ್ಣೋನಾಗಿದ್ದಾಗ ನಮ್ಮನೇಲಿ ಉಂಡು ಬೆಳೆದೋನು. ಅವ್ನು ಮಾಡಿದ್ದು ತಪ್ಪು ಅಂತ ನಿಮ್ಮಲ್ಲಿ ಒಬ್ರ ಬಾಯಲ್ಲೂ ಬರ್ಲಿಲ್ವಲ್ಲಪ್ಪ!"

ಯಾರೂ ಉತ್ತರ ಕೊಡಲಿಲ್ಲ. ಟೀ ಬಂತು, ಕುಡಿದು ಚದುರಿದೆವು. ಈ ಬರಹ ಆ ತಾಯಿಯ ಪ್ರಶ್ನೆಗೆ ತಡವಾಗಿ ಹುಡುಕುತ್ತಿರುವ ಉತ್ತರ. ಇದು ಪೂರಾ ಉತ್ತರ ಎಂಬ ಜಂಬವೇನೂ ನಮಗಿಲ್ಲ.

*

ಮಚ್ಚು ಹಿಡಿದ ಹುಡುಗನ ಬಗ್ಗೆ ಈ ಊರಿನಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು ಅವರದು, ಇನ್ನೊಂದು ನಮ್ಮದು.

ಅವರ ಉತ್ತರ ಸುಲಭದ್ದು: ಆ ಜನವೇ ಹಾಗೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಾವು ದಿನಾ ಕೇಳುವ ಮಾತು ಇದು. ಕೆಲವರು ಬಾಯಿಬಿಟ್ಟು ಅಂತಾರೆ, ಕೆಲವರು ಕೈಚೀಲ ಎದೆಗವಚಿಕೊಂಡು ಅಂತಾರೆ. ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ ಸ್ವಾಮಿ, ಕಾಯ್ದೆ ಪುಸ್ತಕದಲ್ಲಿ ಅಚ್ಚಾಗಿ ಬಂದದ್ದು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಬಡಗಿಯ ಮಗ ಬಡಗಿಯಾಗುವ ಹಾಗೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದು ಅದರ ಒಳಗಿನ ನಂಬಿಕೆ. ಈ ನಂಬಿಕೆಯನ್ನು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಬೇಕಾಗಿರಲಿಲ್ಲ, ವರ್ಣಾಶ್ರಮದವರು ಇಲ್ಲೇ ತಯಾರು ಮಾಡಿ ಇಟ್ಟಿದ್ದರು. ಹುಟ್ಟಿದ ಕೂಸಿನ ಹೆಸರೂ ರಿಜಿಸ್ಟರಿಗೆ ಹೋಯಿತು. ಊರು ಬಿಡಲು ಪಾಸು, ಸ್ಟೇಷನ್ನಿನಲ್ಲಿ ಹಾಜರಿ, ತಂತಿಬೇಲಿಯೊಳಗಿನ ವಸಾಹತು. ಹುಬ್ಬಳ್ಳಿ, ಗದಗದ ಕಡೆ ಹೋದವರಿಗೆ ಸೆಟ್ಲಮೆಂಟ್ ಎಂಬ ಹೆಸರು ಇವತ್ತಿಗೂ ಕಿವಿಗೆ ಬೀಳುತ್ತದೆ. ಬೇಲಿ ಹೋಗಿದೆ, ಹೆಸರು ಉಳಿದಿದೆ.

1952ರಲ್ಲಿ ಆ ಕಾಯ್ದೆ ರದ್ದಾಯಿತು. ರದ್ದಾದ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. 1985ರಲ್ಲಿ ಗೂಂಡಾ ಕಾಯ್ದೆ ಬಂತು. ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಒಳಗೆ ಹಾಕಬಹುದು. ಇವೆಲ್ಲದರ ಜೊತೆಗೆ ಪ್ರತಿ ಸ್ಟೇಷನ್ನಿನಲ್ಲೂ ರೌಡಿ ಪಟ್ಟಿ. ಆ ಪಟ್ಟಿಯಲ್ಲಿ ಹೆಸರು ಬರಲು ಕೋರ್ಟು ಶಿಕ್ಷೆ ಕೊಟ್ಟಿರಬೇಕಾದ್ದಿಲ್ಲ. ಒಂದು ಸಲ ಹೆಸರು ಹತ್ತಿದರೆ ಗಣೇಶನ ಹಬ್ಬ ಬಂದರೂ ಸ್ಟೇಷನ್ನಿಗೆ ಹೋಗಬೇಕು, ಚುನಾವಣೆ ಬಂದರೂ ಹೋಗಬೇಕು. ಕೆಲಸ ಕೊಡುವವನು ಕೊಡುವುದಿಲ್ಲ, ಬಾಡಿಗೆ ಮನೆ ಕೊಡುವವನು ಕೊಡುವುದಿಲ್ಲ. ಆಗ ಆ ಹುಡುಗನಿಗೆ ಬಾಗಿಲು ತೆರೆದಿಟ್ಟುಕೊಂಡು ಕಾದಿರುವವನು ಅಣ್ಣ ಒಬ್ಬನೇ.

ಇದೇ ರೌಡಿ ಸಿನಿಮಾದ ಪರದೆಗೆ ಹೋದಾಗ ಏನಾಗುತ್ತಾನೆ ನೋಡಿ. 1995ರಲ್ಲಿ 'ಓಂ' ಬಂತು. ನಿಜವಾದ ರೌಡಿಗಳೇ ಕೆಲವರು ಅದರಲ್ಲಿ ಮುಖ ತೋರಿಸಿದರು. ಕಥಾನಾಯಕ ಪುರೋಹಿತರ ಮಗ. ಅವನು ಮಚ್ಚು ಹಿಡಿದದ್ದಕ್ಕೆ ಒಂದು ಕಥೆಯಿದೆ, ಪ್ರೀತಿಯಿದೆ, ಮೋಸವಿದೆ, ತಂದೆಯ ಕಣ್ಣೀರಿದೆ. ನೋಡಿದವರೆಲ್ಲ ಅಯ್ಯೋ ಪಾಪ ಎಂದರು. ನಾವೂ ನೋಡಿದೆವು, ನಾವೂ ಶಿಳ್ಳೆ ಹಾಕಿದೆವು. ಈಗ ಕೇಳಬೇಕೆನ್ನಿಸುತ್ತದೆ: ಪುರೋಹಿತರ ಮಗ ಮಚ್ಚು ಹಿಡಿದರೆ ಕಥೆ, ಪೌರಕಾರ್ಮಿಕಳ ಮಗ ಹಿಡಿದರೆ ಸ್ವಭಾವ, ಇದು ಯಾವ ನ್ಯಾಯ? ಒಬ್ಬನ ಹಿಂಸೆಗೆ ಕಾರಣ ಹುಡುಕುತ್ತಾರೆ, ಇನ್ನೊಬ್ಬನ ಹಿಂಸೆಗೆ ಜಾತಿ ಹುಡುಕುತ್ತಾರೆ.

*

ಈಗ ನಮ್ಮ ಉತ್ತರ. ವ್ಯವಸ್ಥೆ ಮಾಡಿಸಿತು ಎನ್ನುವುದು ನಮ್ಮ ಉತ್ತರ. ಇದು ಸುಳ್ಳಲ್ಲ. ಅದರಲ್ಲಿರುವ ನಿಜವನ್ನು ಮೊದಲು ಪೂರ್ತಿಯಾಗಿ ಹೇಳಿಬಿಡೋಣ.

ನಮ್ಮ ಕೇರಿಗೆ ಅಮಲು ಬಂದದ್ದು ಗಾಂಜಾದಿಂದಲ್ಲ, ಕೆಲಸದಿಂದ. ಮಲದ ಗುಂಡಿಗೆ ಇಳಿಯುವ ಮುಂಚೆ ನಮ್ಮ ಅಪ್ಪಂದಿರು ಕುಡಿಯುತ್ತಿದ್ದರು. ಕುಡಿಯದೆ ಇಳಿಯೋದು ಹೆಂಗೆ? ಆ ನಾತಕ್ಕೆ ಮೂಗು ಸತ್ತಿರಬೇಕು, ಮೂಗು ಸಾಯಬೇಕಾದರೆ ಮೈಯೆಲ್ಲ ಸಾಯಬೇಕು. ಸಾರಾಯಿ ಅವರಿಗೆ ಮೋಜಲ್ಲ. ಸನಿಕೆ, ಬುಟ್ಟಿಯ ಹಾಗೆ ಕೆಲಸದ ಸಾಮಾನು. ಇಳಿಸಿದ ಮೇಸ್ತ್ರಿಯೇ ಕುಡಿಯಲು ಕಾಸು ಕೊಡುತ್ತಿದ್ದ. 1993ರಲ್ಲಿ, ಮತ್ತೆ 2013ರಲ್ಲಿ ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆಗಳು ಬಂದವು. ಅಷ್ಟು ಹೊತ್ತಿಗೆ ಕುಡಿತ ಗುಂಡಿಯಿಂದ ಮನೆಗೆ ಬಂದಾಗಿತ್ತು.

ಸಾರಾಯಿಯ ಕಾಲದಲ್ಲಿ ತಾಲ್ಲೂಕು ತಾಲ್ಲೂಕುಗಳನ್ನೇ ಹರಾಜು ಹಾಕುತ್ತಿದ್ದರು. ಹರಾಜು ಹಿಡಿದ ಗುತ್ತಿಗೆದಾರ ಇನ್ನೊಬ್ಬನ ಮಾಲು ತನ್ನ ಗಡಿಯೊಳಗೆ ಬಾರದ ಹಾಗೆ ನೋಡಿಕೊಳ್ಳಲು ದೊಣ್ಣೆ ಹಿಡಿದ ಹುಡುಗರನ್ನು ಸಾಕುತ್ತಿದ್ದ. ಆ ಹುಡುಗರು ಎಲ್ಲಿಂದ ಬರುತ್ತಿದ್ದರು ಎಂದು ಬಿಡಿಸಿ ಹೇಳಬೇಕೆ? 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಗಳು. ಚಳವಳಿ 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ಕೂಗಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತೆ? ಪಾಕೀಟಿನ ಸಾರಾಯಿ ಹೋಗಿ ಪೆಟ್ಟಿಗೆಯ ವಿಸ್ಕಿ ಬಂತು, 90 ಮಿಲಿಯದು, 180 ಮಿಲಿಯದು. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ನಮ್ಮ ಕೇರಿಯ ಗಂಡಸರ ಗುಟುಕು ಗುಟುಕೂ ಆ ಲೆಕ್ಕದಲ್ಲಿ ಸೇರಿದೆ.

ಗಾಂಜಾದ್ದು ಇನ್ನೊಂದು ಕಥೆ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಗಿಡದ ಹೂವಿನ ತುದಿ ಅಪರಾಧ. ಅದೇ ಗಿಡದ ಬರೀ ಎಲೆಯಿಂದ ಮಾಡುವ ಭಂಗಿ ಆ ಕಾಯ್ದೆಯ ಹೊರಗೆ. ದೇವರ ಹೆಸರಿನಲ್ಲಿ ಕುಡಿಯುವವರಿಗೆ ತೊಂದರೆ ಆಗಬಾರದಲ್ಲ! ಒಂದು ಕೆ.ಜಿ.ವರೆಗಿನ ಗಾಂಜಾ ಸಣ್ಣ ಪ್ರಮಾಣ, ಇಪ್ಪತ್ತು ಕೆ.ಜಿ.ಯಿಂದ ವ್ಯಾಪಾರದ ಪ್ರಮಾಣ. ಇಪ್ಪತ್ತು ಕೆ.ಜಿ. ಇಟ್ಟವನು ಯಾರೋ ನಮಗೆ ಗೊತ್ತಿಲ್ಲ, ಅವನು ನಮ್ಮ ಕೇರಿಗೆ ಕಾಲಿಡುವವನಲ್ಲ. ಸಿಕ್ಕಿಬೀಳುವವನು ಐದು ಪೊಟ್ಟಣ ಇಟ್ಟವನು. ಇದಕ್ಕಿಂತ ಚಿಕ್ಕ ಹುಡುಗರಿಗೆ ಪೊಟ್ಟಣವೂ ದುಬಾರಿ. ಸೈಕಲ್ ಟ್ಯೂಬಿಗೆ ಪ್ಯಾಚು ಹಾಕುವ ಸಲ್ಯೂಷನ್ನು, ತಪ್ಪು ಅಕ್ಷರ ಅಳಿಸುವ ವೈಟ್ನರು, ಇವನ್ನು ಬಟ್ಟೆಗೆ ಸುರಿದು ಮೂಗಿಗೆ ಹಿಡಿಯುತ್ತವೆ. ಅಪ್ಪ ಮಲದ ನಾತ ಮರೆಯಲು ಮೂಗನ್ನು ಕೊಂದ, ಮಗ ಹಸಿವು ಮರೆಯಲು ಮೂಗಿನಿಂದಲೇ ಮಿದುಳನ್ನು ಕೊಲ್ಲುತ್ತಿದ್ದಾನೆ.

ಆಮೇಲೆ ಜಾಗ. ಈ ಊರಿನಲ್ಲಿ ಚಿನ್ನದ ಗಣಿ ಇರುವುದು ಭೂಮಿಯ ಒಳಗಲ್ಲ, ಭೂಮಿಯ ಮೇಲೇ. ತಕರಾರಿನ ಸೈಟಿಗೆ ರಾತ್ರೋರಾತ್ರಿ ಕಾಂಪೌಂಡು ಏಳಬೇಕು, ಹಳೇ ಬಾಡಿಗೆದಾರ ಬಿಡಬೇಕು, ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತಬೇಕು. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಹಿಡಿಯುವುದನ್ನು ಲಾಂಗು ಹಿಡಿದ ನಾಲ್ಕು ಹುಡುಗರು ಇಪ್ಪತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಸೈಟಿನ ಲಾಭ ತೆಗೆದುಕೊಂಡವನ ಮನೆಗೆ ಗೃಹಪ್ರವೇಶ, ಹುಡುಗರಿಗೆ ಬಿರಿಯಾನಿ ಮತ್ತು ಒಂದು ಕೇಸು. ಇನ್ನು 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿಯನ್ನು ಬುಲ್ಡೋಜರ್ ತಂದು ಕೆಡವಿದಾಗ ಸಾವಿರಕ್ಕೂ ಹೆಚ್ಚು ಕುಟುಂಬಗಳು ಚಳಿಯಲ್ಲಿ ಬೀದಿಗೆ ಬಿದ್ದವು. ಅದನ್ನು ಯಾರೂ ಹಿಂಸೆ ಎಂದು ಕರೆಯಲಿಲ್ಲ, ತೆರವು ಕಾರ್ಯಾಚರಣೆ ಎಂದು ಕರೆದರು. ಮನೆ ಬೀಳುವುದನ್ನು ನೋಡಿದ ಮಗು ನಗರದಿಂದ ಒಂದು ಪಾಠ ಕಲಿಯುತ್ತದೆ: ಕೈಯಲ್ಲಿ ಬಲವಿದ್ದವನದೇ ಊರು.

ಹೀಗೆ ವ್ಯವಸ್ಥೆ ಮಾಡಿಸಿತು ಎಂಬುದು ನಿಜ. ಅದರ ಕೈ, ಕಾಲು, ಲೆಕ್ಕದ ಪುಸ್ತಕ ಎಲ್ಲ ನಮಗೆ ಗೊತ್ತು. ಹಾಗಾದರೆ ಆ ತಾಯಿಯ ಪ್ರಶ್ನೆ ಯಾಕೆ ನಮ್ಮ ಬಾಯಿ ಕಟ್ಟಿತು?

*

ಯಾಕೆಂದರೆ ನಮ್ಮ ಉತ್ತರದಲ್ಲೂ ಒಂದು ಸುಳ್ಳು ಅಡಗಿದೆ. ಕಾರಣ ಹೇಳಿದರೆ ಹೊಣೆ ತೀರಿತು ಎಂದು ನಾವು ಅಂದುಕೊಂಡಿದ್ದೇವೆ. ಕಾರಣ ಬೇರೆ, ಹೊಣೆ ಬೇರೆ. ಬೆಂಕಿ ಯಾಕೆ ಹತ್ತಿತು ಎನ್ನುವುದಕ್ಕೆ ಒಣಹುಲ್ಲು, ಗಾಳಿ, ಬೇಸಿಗೆ ಎಲ್ಲ ಕಾರಣಗಳೇ. ಕಡ್ಡಿ ಗೀರಿದವನು ಯಾರು ಎನ್ನುವುದು ಇನ್ನೊಂದು ಪ್ರಶ್ನೆ.

ಕೊಂದ ಹುಡುಗನಿಗೆ ಒಬ್ಬ ಅಣ್ಣನಿದ್ದಾನೆ, ಒಬ್ಬಳು ತಂಗಿಯಿದ್ದಾಳೆ. ಅದೇ ತಗಡಿನ ಮನೆ, ಅದೇ ಕುಡುಕ ಅಪ್ಪ, ಅದೇ ಹಸಿವು. ಅಣ್ಣ ಬಾಡಿಗೆ ಆಟೋ ಓಡಿಸುತ್ತಾನೆ. ತಂಗಿ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಾಳೆ. ಬಡತನ ಹುಡುಗನ ಕೈಗೆ ಮಚ್ಚು ಕೊಟ್ಟಿತು ಎಂದರೆ ಆ ಅಣ್ಣನ ಕೈಗೆ ಯಾಕೆ ಕೊಡಲಿಲ್ಲ? ಕೇರಿಯಲ್ಲಿ ನೂರು ಹುಡುಗರಿದ್ದರೆ ಫೀಲ್ಡಿಗೆ ಇಳಿಯುವವರು ನಾಲ್ಕೈದು ಮಂದಿ. ಮಿಕ್ಕವರು ಪೇಂಟು ಬಳಿಯುತ್ತಾರೆ, ಗಾರೆ ಹೊರುತ್ತಾರೆ, ಮನೆ ಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಾರೆ, ರಾತ್ರಿ ಬಂದು ಕಾಲು ನೋವೆಂದು ಮಲಗುತ್ತಾರೆ. ಬಡತನವೇ ಕೊಲೆ ಮಾಡಿಸುತ್ತದೆ ಎಂದು ಸಭೆಯಲ್ಲಿ ಕೂಗಿದಾಗ ನಾವು ಅವಮಾನ ಮಾಡಿದ್ದು ಈ ತೊಂಬತ್ತೈದು ಹುಡುಗರಿಗೆ. ಮಚ್ಚು ಹಿಡಿಯದೆ ಬದುಕುವುದು ಅವರಿಗೆ ತಾನಾಗಿ ಬಂದದ್ದಲ್ಲ. ದಿನ ದಿನವೂ ಕಷ್ಟಪಟ್ಟು ಹಾಗೆ ಬದುಕುತ್ತಿದ್ದಾರೆ. ಅದಕ್ಕೆ ಒಂದು ಶಹಬ್ಬಾಸ್ ಕೂಡ ನಮ್ಮ ಭಾಷಣದಲ್ಲಿ ಇರಲಿಲ್ಲ.

ಇನ್ನೊಂದು ಮಾತು, ಇದು ನಮ್ಮನ್ನೇ ಬೆಚ್ಚಿಬೀಳಿಸಿದ್ದು. 1871ರ ಕಾಯ್ದೆ ಏನು ಹೇಳಿತು? ಇವನು ಹುಟ್ಟಿನಿಂದಲೇ ಹೀಗೆ, ಇವನಿಗೆ ಬೇರೆ ದಾರಿಯಿಲ್ಲ ಎಂದಿತು. ನಾವು ಏನು ಹೇಳುತ್ತಿದ್ದೇವೆ? ಇವನು ಪರಿಸ್ಥಿತಿಯಿಂದ ಹೀಗೆ, ಇವನಿಗೆ ಬೇರೆ ದಾರಿಯಿರಲಿಲ್ಲ ಎನ್ನುತ್ತಿದ್ದೇವೆ. ಅವರು ದ್ವೇಷದಿಂದ ಹೇಳಿದರು, ನಾವು ಕರುಣೆಯಿಂದ ಹೇಳುತ್ತೇವೆ. ಇಬ್ಬರೂ ಆ ಹುಡುಗನಿಂದ ಕಿತ್ತುಕೊಂಡದ್ದು ಒಂದನ್ನೇ: ಬೇಡ ಎನ್ನುವ ಶಕ್ತಿಯನ್ನು. ಕಲ್ಲಿಗೆ ತಪ್ಪಿಲ್ಲ, ದನಕ್ಕೆ ತಪ್ಪಿಲ್ಲ, ತಪ್ಪು ಮಾಡಬಲ್ಲವನು ಮನುಷ್ಯ ಮಾತ್ರ. ನಮ್ಮನ್ನು ಮನುಷ್ಯರೆಂದು ಕಾಣಿ ಎಂದು ಊರಿಗೆಲ್ಲ ಕೂಗಿ ಹೇಳುವ ನಾವು ನಮ್ಮ ಹುಡುಗನಿಗೆ ನೀನು ತಪ್ಪು ಮಾಡಿದೆ ಎಂದು ಹೇಳಲು ಹಿಂಜರಿದರೆ, ಅವನನ್ನು ಮನುಷ್ಯನೆಂದು ನಾವೇ ಒಪ್ಪಲಿಲ್ಲ ಎಂದಾಯಿತು.

ಬಾಬಾಸಾಹೇಬರಿಗಿಂತ ಚೆನ್ನಾಗಿ ವ್ಯವಸ್ಥೆಯನ್ನು ಬಿಚ್ಚಿ ತೋರಿಸಿದವರು ಯಾರಿದ್ದಾರೆ? 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಕೆರೆಯ ನೀರಿಗೆ ಕೈ ಹಾಕುವ ಮುಂಚೆ ಅವರು ನೆರೆದ ಜನಕ್ಕೆ ಹೇಳಿದ್ದೇನು? ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ, ಎಸೆದ ಎಂಜಲನ್ನು ಎತ್ತಿಕೊಳ್ಳುವುದನ್ನು ಬಿಡಿ ಎಂದರು. ಆ ಜನ ಸತ್ತ ದನ ತಿಂದದ್ದು ರುಚಿಗಲ್ಲ, ಹಸಿವಿಗೆ. ಹಸಿವಿಗೆ ದೂಡಿದ್ದು ಜಾತಿ. ಇದೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಜಾತಿ ಹೋಗುವ ತನಕ ತಿನ್ನುತ್ತಿರಿ ಎನ್ನಲಿಲ್ಲ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನಕ್ಕೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಇದು ಮಡಿವಂತರ ಮಡಿಯಲ್ಲ. ಮಡಿವಂತ ತನ್ನನ್ನು ಇತರರಿಂದ ಬೇರೆ ಮಾಡಿಕೊಳ್ಳಲು ಬಿಡುತ್ತಾನೆ. ಬಾಬಾಸಾಹೇಬರು ಬಿಡಿ ಎಂದದ್ದು ನಮ್ಮ ಮೇಲಿನ ಹಿಡಿತವನ್ನು ನಾವೇ ವಾಪಸು ತೆಗೆದುಕೊಳ್ಳಲು.

*

ಈ ಪ್ರಶ್ನೆ ಎದುರಾದದ್ದು ನಮಗೇ ಮೊದಲಲ್ಲ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಕಟ್ಟಿದವರಲ್ಲಿ ಒಬ್ಬರಾದ ನಾಮದೇವ ಢಸಾಳರು ಕಾಮಾಠಿಪುರದ ಆಸುಪಾಸಿನಲ್ಲಿ ಬೆಳೆದು, ಟ್ಯಾಕ್ಸಿ ಓಡಿಸಿ, ಆ ಬೀದಿಯ ಬದುಕನ್ನೇ 'ಗೋಲಪೀಠ' ಎಂಬ ಕವಿತೆಗಳ ಪುಸ್ತಕ ಮಾಡಿದರು. ಅವರ ಸಂಘಟನೆಯ ಹೆಸರು ಬಂದದ್ದು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಹೆಸರು ಸಾಲ ತಂದವರು ಅವರ ಪಾಡನ್ನೂ ತಿಳಿದುಕೊಳ್ಳಬೇಕು.

ಆ ಪಕ್ಷ 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿತು. ಲಾಸ್ ಏಂಜಲೀಸಿನ ಶಾಖೆ ಕಟ್ಟಿದ ಬಂಚಿ ಕಾರ್ಟರ್ ಮೊದಲು ಬೀದಿ ಗ್ಯಾಂಗೊಂದರ ಮುಖಂಡ. ಜೈಲಿನಲ್ಲಿ ಓದಿ ಬದಲಾದವನು. ಬೀದಿಯ ಹುಡುಗರು ಅವನ ಮಾತು ಕೇಳುತ್ತಿದ್ದರು, ಯಾಕೆಂದರೆ ಅವನು ಅವರಲ್ಲೊಬ್ಬ. 1969ರ ಜನವರಿಯಲ್ಲಿ ಇನ್ನೊಂದು ಕಪ್ಪು ಸಂಘಟನೆಯವರ ಗುಂಡಿಗೆ ಬಲಿಯಾದ. ಆ ಎರಡು ಸಂಘಟನೆಗಳ ನಡುವಿನ ಜಗಳಕ್ಕೆ ಸರ್ಕಾರದ ಗುಪ್ತಚರ ಪೊಲೀಸರು ತುಪ್ಪ ಸುರಿದಿದ್ದರು. ಅದೇ ವರ್ಷ ಡಿಸೆಂಬರ್ 4ರ ನಸುಕಿನಲ್ಲಿ ಚಿಕಾಗೋದಲ್ಲಿ, ಬೀದಿ ಗುಂಪುಗಳನ್ನು ಒಂದು ಮಾಡಲು ಓಡಾಡುತ್ತಿದ್ದ 21 ವರ್ಷದ ಫ್ರೆಡ್ ಹ್ಯಾಂಪ್ಟನ್‌ನ ಮನೆಗೆ ನುಗ್ಗಿದ ಪೊಲೀಸರು ಅವನನ್ನು ಹಾಸಿಗೆಯಲ್ಲೇ ಗುಂಡಿಟ್ಟು ಕೊಂದರು. ಮಕ್ಕಳಿಗೆ ಬೆಳಗಿನ ತಿಂಡಿ ಕೊಡುತ್ತಿದ್ದ ಪಕ್ಷ ಹೀಗೆ ಮುರಿಯುತ್ತಾ ಹೋಯಿತು. ಅದು ತೆರವು ಮಾಡಿದ ಬೀದಿಗಳಲ್ಲಿ 1970ರ ಆಸುಪಾಸಿನಲ್ಲಿ ಕ್ರಿಪ್ಸ್, ಆಮೇಲೆ ಅದಕ್ಕೆ ಎದುರಾಗಿ ಬ್ಲಡ್ಸ್ ಎಂಬ ಗ್ಯಾಂಗುಗಳು ಬೆಳೆದವು. ಟೈರು, ಕಾರು, ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಹೋಯಿತು, ಕ್ರ್ಯಾಕ್ ಬಂತು.

ಕಾಯ್ದೆ ಅಲ್ಲೂ ಜಾತಿ ನೋಡಿತು. 1986ರ ಕಾಯ್ದೆಯಲ್ಲಿ ಕೇರಿಯಲ್ಲಿ ಮಾರುವ ಕ್ರ್ಯಾಕ್ 5 ಗ್ರಾಂ ಇದ್ದರೆ ಕನಿಷ್ಠ ಐದು ವರ್ಷ ಜೈಲು. ಸಾಹುಕಾರರು ಮೂಗಿಗೆ ಏರಿಸುವ ಕೊಕೇನ್ ಪುಡಿಗೆ ಅಷ್ಟೇ ಶಿಕ್ಷೆಯಾಗಬೇಕಾದರೆ 500 ಗ್ರಾಂ ಇರಬೇಕು. ಒಂದಕ್ಕೆ ನೂರು! 2010ರಲ್ಲಿ ತಿದ್ದಿ ಒಂದಕ್ಕೆ ಹದಿನೆಂಟು ಮಾಡಿದರು. ಕ್ರ್ಯಾಕ್ ಕೇಸಿನಲ್ಲಿ ಜೈಲಿಗೆ ಹೋದವರಲ್ಲಿ ಬಹುಪಾಲು ಕಪ್ಪು ಜನ.

ಆದರೆ ಕಥೆ ಇಲ್ಲಿಗೆ ನಿಲ್ಲಿಸಿದರೆ ನಮ್ಮ ಸಂತಾಪ ಸಭೆಯ ಭಾಷಣವೇ ಆದೀತು. ಪಕ್ಷ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಹ್ಯೂಯಿ ನ್ಯೂಟನ್ ತಾನೇ ಕೊಕೇನಿಗೆ ಬಿದ್ದ. 1989ರ ಆಗಸ್ಟಿನಲ್ಲಿ ಓಕ್ಲೆಂಡಿನ ಬೀದಿಯಲ್ಲೇ ಅಮಲು ಮಾರುವ ಕಪ್ಪು ಯುವಕನೊಬ್ಬನ ಗುಂಡಿಗೆ ಸತ್ತ. ಇದನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ. ವ್ಯವಸ್ಥೆಯನ್ನು ಅರಿತವನನ್ನೂ ಆ ಅರಿವು ಒಂದೇ ಕಾಪಾಡಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯಿದೆ. 1992ರ ಏಪ್ರಿಲ್ ಕೊನೆಯಲ್ಲಿ, ಲಾಸ್ ಏಂಜಲೀಸ್ ಹೊತ್ತಿ ಉರಿಯುವುದಕ್ಕೆ ಸ್ವಲ್ಪ ಮುಂಚೆ, ಅಲ್ಲಿನ ವಾಟ್ಸ್ ಎಂಬ ಕೇರಿಯ ಸರ್ಕಾರಿ ವಸತಿಗಳ ಎದುರಾಳಿ ಗ್ಯಾಂಗುಗಳು ಕೂತು ರಾಜಿ ಮಾಡಿಕೊಂಡವು. ರಾಜಿಪತ್ರ ಬರೆಯಲು ಅವರು ಮಾದರಿಯಾಗಿ ಇಟ್ಟುಕೊಂಡದ್ದು 1949ರ ಈಜಿಪ್ಟ್–ಇಸ್ರೇಲ್ ಕದನವಿರಾಮದ ಒಪ್ಪಂದ. ಆ ಒಪ್ಪಂದ ಮಾಡಿಸಿದ್ದು ಅದೇ ಲಾಸ್ ಏಂಜಲೀಸಿನಲ್ಲಿ ಓದಿ ಬೆಳೆದ ಕಪ್ಪು ಮನುಷ್ಯ, ರಾಲ್ಫ್ ಬಂಚ್. ನೋಡಿ, ಪೊಲೀಸರು ಮೃಗಗಳೆಂದು ಕರೆದ ಹುಡುಗರು, ವಿದ್ವಾಂಸರು ಪರಿಸ್ಥಿತಿಯ ಕೂಸುಗಳೆಂದು ಕರೆದ ಹುಡುಗರು ಎರಡು ದೇಶಗಳು ಕೂರುವ ಹಾಗೆ ಎದುರುಬದುರು ಕೂತರು. ಅಣ್ಣತಮ್ಮಂದಿರನ್ನು ಕೊಂದವರ ಎದುರಿಗೆ ಕೂರುವುದು ಸುಲಭವಲ್ಲ. ಆ ವರ್ಷ ಅವರ ನಗರದಲ್ಲಿ ಸಾವಿರಕ್ಕೂ ಹೆಚ್ಚು ಕೊಲೆಗಳಾಗಿದ್ದವು. ರಾಜಿಯಿಂದ ಕೆಲಸ ಹುಟ್ಟಲಿಲ್ಲ, ಕಾರ್ಖಾನೆ ತೆರೆಯಲಿಲ್ಲ, ಗ್ಯಾಂಗುಗಳೂ ಅಳಿಯಲಿಲ್ಲ. ಆದರೆ ವಾಟ್ಸ್‌ನ ಆ ವಸತಿಗಳಲ್ಲಿ ಕೆಲವು ವರ್ಷ ಹೆಣ ಬೀಳುವುದು ಕಡಿಮೆಯಾಯಿತು. ಮಕ್ಕಳು ಒಂದು ವಸತಿಯಿಂದ ಇನ್ನೊಂದಕ್ಕೆ ನಡೆದು ಹೋಗುವ ಹಾಗಾಯಿತು. ವ್ಯವಸ್ಥೆ ಅದೇ ಇತ್ತು, ಹುಡುಗರು ಬೇಡ ಎಂದರು. ಬೇಡ ಎನ್ನುವುದು ಸಾಧ್ಯ ಎಂದು ತಿಳಿಯಲು ನಮಗೆ ಇದು ಸಾಕು.

*

ಈಗ ಕಹಿಯಾದ ಮಾತು, ನಮ್ಮ ಬಗ್ಗೆಯೇ.

ಆ ಹುಡುಗನಿಗೆ ತಪ್ಪು ಎಂದು ಹೇಳುವ ಹಕ್ಕು ಯಾರಿಗಿದೆ? ಸೈಟು ಬಿಡಿಸಲು ಅವನನ್ನು ಕರೆದವನಿಗಿಲ್ಲ. ಮಾಮೂಲು ತಿಂದು ಮೂಲೆಯನ್ನು ನೋಡಿಯೂ ನೋಡದವನಿಗಿಲ್ಲ. ಅಬಕಾರಿ ಗುರಿ ಮುಟ್ಟಿತೆಂದು ಬೆನ್ನು ತಟ್ಟಿಕೊಳ್ಳುವವನಿಗಿಲ್ಲ. ಹೇಳುವ ಹಕ್ಕು ಮೊದಲು ಆ ತಾಯಿಯದು, ಆಮೇಲೆ ಕೇರಿಯದು. ನಮಗೆ ಆ ಹಕ್ಕು ಉಳಿದಿದೆಯೆ?

ಏಪ್ರಿಲ್ 14ಕ್ಕೆ ನಮ್ಮ ಕೇರಿಯ ಬಾಯಲ್ಲಿ ಫ್ಲೆಕ್ಸು ಕಟ್ಟುತ್ತೇವೆ. ಮೇಲೆ ಬಾಬಾಸಾಹೇಬರು, ಕೆಳಗೆ ಕರಿ ಕನ್ನಡಕ ಹಾಕಿದ ಅಣ್ಣನ ಮುಖ, ಅವನ ಸುತ್ತ ಸಣ್ಣ ಸಣ್ಣ ಚೌಕಗಳಲ್ಲಿ ಹುಡುಗರ ಮುಖ. ಸತ್ತವನದೂ ಅಲ್ಲಿತ್ತು. ಕೊಂದವನದು ಪಕ್ಕದ ಕೇರಿಯ ಫ್ಲೆಕ್ಸಿನಲ್ಲಿ ಇದ್ದೇ ಇತ್ತು. ಪೆಂಡಾಲಿಗೆ ದುಡ್ಡು ಕೊಟ್ಟವನು ಆ ಅಣ್ಣ. ಮೆರವಣಿಗೆಗೆ ಜನ ಬೇಕಾದಾಗ ಅವನಿಗೇ ಫೋನು ಮಾಡಿದವರು ನಾವು. ಅವನ ಹವಾ ನಮ್ಮ ಸಂಘಟನೆಯ ಬಲ ಎಂದು ಒಳಗೊಳಗೇ ಖುಷಿಪಟ್ಟವರೂ ನಾವೇ. ಗೌಡರ ಬೀದಿಯವರು ನಮ್ಮ ಹುಡುಗರನ್ನು ಕಂಡು ದಾರಿ ಬಿಡುತ್ತಾರೆ ಎಂದು ಬೀಗಿದೆವು. ಹೆದರಿಕೆಗೆ ಮರ್ಯಾದೆ ಎಂದು ಹೆಸರಿಟ್ಟೆವು. ತಲೆತಲಾಂತರದಿಂದ ಹೆದರಿದವರಿಗೆ ಹೆದರಿಸುವುದು ಸಿಹಿ ಎನ್ನಿಸುವುದು ಸಹಜ. ಆದರೆ ಆ ಮಚ್ಚು ಒಂದು ದಿನವಾದರೂ ಗೌಡರ ಬೀದಿಗೆ ಹೋಯಿತೆ? ಹೋದದ್ದು ಪಕ್ಕದ ಕೇರಿಗೆ. ಫ್ರಾಂಟ್ಸ್ ಫ್ಯಾನನ್ 1961ರಲ್ಲೇ ಬರೆದಿದ್ದರು, ತುಳಿಸಿಕೊಂಡವನ ಸಿಟ್ಟು ಮೊದಲು ತಿರುಗುವುದು ತನ್ನವರ ಮೇಲೆ ಎಂದು. ನಾವು ಓದಿದ್ದೆವು, ಅಡಿಗೆರೆ ಕೂಡ ಹಾಕಿದ್ದೆವು.

1979ರಲ್ಲಿ ಬಂಡಾಯದ ಲೇಖಕರು ಕಾವ್ಯವನ್ನು ಖಡ್ಗವಾಗು ಎಂದು ಕರೆದರು. ಆ ಕರೆಯನ್ನು ನಾವು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಖಡ್ಗದ ಮಾತಾಡಿದವರಿಗೆ ಒಂದು ಹೊಣೆಯಿದೆ: ಯಾವ ಖಡ್ಗ, ಯಾರ ಮೇಲೆ, ಯಾರ ಪರವಾಗಿ ಎಂದು ಹುಡುಗರಿಗೆ ಬಿಡಿಸಿ ಹೇಳುವ ಹೊಣೆ. ಅನ್ಯಾಯವನ್ನು ಎದುರಿಸಲು ಎದ್ದ ಕೈ ಬೇರೆ, ಇನ್ನೊಬ್ಬನ ವ್ಯಾಪಾರಕ್ಕೆ ಬಾಡಿಗೆಗೆ ಹೋದ ಕೈ ಬೇರೆ. ಎರಡನೆಯದಕ್ಕೆ ಬಂಡಾಯದ ಬಟ್ಟೆ ತೊಡಿಸಲು ನಾವು ಬಿಡಬಾರದು.

ಮಾಡಬಹುದಾದ್ದು ದೊಡ್ಡದೇನೂ ಅಲ್ಲ. ಬರುವ ಏಪ್ರಿಲ್‌ಗೆ ಬಾಬಾಸಾಹೇಬರ ಚಿತ್ರದ ಕೆಳಗೆ ಆ ಮುಖ ಬೇಡ, ಆ ದುಡ್ಡೂ ಬೇಡ. ಪೆಂಡಾಲಿಲ್ಲದಿದ್ದರೆ ಬಿಸಿಲಿನಲ್ಲಿ ನಿಲ್ಲೋಣ. ಮಾದಕ ವಸ್ತು ಕಾಯ್ದೆಯಲ್ಲಿ 64ಎ ಎಂಬ ಕಲಮಿದೆ. ಚಟಕ್ಕೆ ಬಿದ್ದವನು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ್ದರೆ, ತಾನಾಗಿ ಮುಂದೆ ಬಂದು ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ನಮ್ಮ ಕೇರಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದ ನಾವು ಹೇಳಿರಲಿಲ್ಲ. ಹುಡುಗನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಚಳವಳಿಯೇ. ಅಂಬೇಡ್ಕರ್ ಭವನದ ಬೀಗ ವರ್ಷಕ್ಕೆ ನಾಲ್ಕು ಸಲ ತೆಗೆದರೆ ಸಾಲದು, ದಿನಾ ಸಂಜೆ ತೆಗೆಯಬೇಕು. ಪಕ್ಕದ ಕೇರಿಯವರನ್ನು ಕರೆದು ಎದುರುಬದುರು ಕೂರಬೇಕು, ಮೊದಲು ತಾಯಂದಿರೇ ಮಾತಾಡಬೇಕು. ಇದರ ಜೊತೆಗೆ ಸೈಟಿನವನನ್ನು, ಅಣ್ಣನನ್ನು, ಮಾಮೂಲಿನವನನ್ನು ಹೆಸರು ಹಿಡಿದು ಕೇಳುವ ಹೋರಾಟ ನಡೆಯಲೇಬೇಕು. ಹುಡುಗನನ್ನು ತಪ್ಪಿತಸ್ಥ ಎಂದದ್ದಕ್ಕೆ ಅವರ್ಯಾರೂ ಬಿಡುಗಡೆ ಆಗುವುದಿಲ್ಲ. ಹೊಣೆ ಎನ್ನುವುದು ರೊಟ್ಟಿಯಲ್ಲ, ಒಬ್ಬನಿಗೆ ಮುರಿದುಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗಲು.

ಹೋದ ವಾರ ಆ ತಾಯಿಯನ್ನು ಮತ್ತೆ ಕಂಡೆವು. ಬೆಳಗಿನ ಆರೂವರೆ, ಕೈಯಲ್ಲಿ ಪೊರಕೆ. ರಸ್ತೆಯ ಆ ಬದಿಯಲ್ಲಿ ಕೊಂದವನ ತಾಯಿ. ಇಬ್ಬರೂ ಒಂದು ವರ್ಷದಿಂದ ಮಾತಾಡಿಲ್ಲ. ಕಸದ ಗಾಡಿ ಬಂದಾಗ ಮಾತ್ರ, ಬುಟ್ಟಿ ಎತ್ತಿ ಕೊಡಲು ಒಬ್ಬರಿಗೊಬ್ಬರು ಕೈ ಹಾಕಲೇಬೇಕು. ನಾವು ಹೇಳಿದೆವು: "ಅಮ್ಮಾ, ಅವತ್ತು ನೀವು ಕೇಳಿದ್ದು ಸರಿ. ಅವನು ಮಾಡಿದ್ದು ತಪ್ಪು. ನಾವು ಮಾಡಿದ್ದೂ ತಪ್ಪು."

ಆಕೆ ಗುಡಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂದರು: "ನನ್ಗೇಳಿ ಏನ್ ಬಂತು? ಅಗ್ರಹಾರದ ಜೈಲಲ್ಲವ್ನೆ ಆ ಹುಡ್ಗ. ಅವ್ನ್‌ಗೋಗಿ ಹೇಳಿ. ಉಂಡ ಮನೆ ಯಾವ್ದು ಅಂತ ಜ್ಞಾಪಕ ಐತಾ ಅಂತ ಕೇಳಿ. ವಾಪಸ್ ಬಂದ್ರೆ ಮನುಷ್ನಾಗಿ ಬಾ ಅನ್ನಿ."

ನಾವು ಇನ್ನೂ ಹೋಗಿಲ್ಲ. ಈ ಸಂಚಿಕೆ ಅಚ್ಚಿಗೆ ಹೋದ ಮಾರನೆಯ ದಿನ ಹೋಗುತ್ತಿದ್ದೇವೆ.